ಒಂದು ಆದಿತ್ಯವಾರಕ್ಕಾಗಿ ಗಾಲ್ಫ್

ಆದಿತ್ಯವಾರ ಅಂಗಡಿಗೆ ಬಾಗಿಲು ಹಾಕಬಾರದು ಎಂಬ ಜ್ಞಾನೋದಯ ನನಗೆ ಐವತ್ತು ದಾಟಿದ ಮೇಲೆ ಆಗಿದೆ. ಬಾಗಿಲು ಹಾಕುವುದು ಗೊತ್ತಾದರೆ ಜನ ಕರೆಯುತ್ತಾರೆ. ಗೃಹಪ್ರವೇಶಕ್ಕೆ ಕರೆಯುತ್ತಾರೆ, ನಿಶ್ಚಿತಾರ್ಥಕ್ಕೆ ಕರೆಯುತ್ತಾರೆ, ಮದುವೆಗೆ, ಆಮೇಲೆ ಸೀಮಂತಕ್ಕೆ, ತೊಟ್ಟಿಲಿಗೆ, ಯಾರೂ ಸಿಗದಿದ್ದರೆ ಉತ್ತರಕ್ರಿಯೆಗೆ. ನನ್ನದು ಕಡಬ ಪೇಟೆಯಲ್ಲಿ ಪೈಪು, ಪಂಪುಸೆಟ್ಟಿನ ಅಂಗಡಿ. ನನ್ನಿಂದ ಅರ್ಧ ಇಂಚಿನ ಒಂದು ನಳ್ಳಿ ಕೊಂಡವನೂ ಮಗಳ ಮದುವೆಗೆ "ಪ್ರೇಮಣ್ಣ, ನೀವು ಬರದಿದ್ರೆ ಆಗ್ಲಿಕ್ಕಿಲ್ಲ" ಎನ್ನುತ್ತಾನೆ. ನಾನು ಬರದಿದ್ದರೂ ಮದುವೆ ಆಗುತ್ತದೆಂದು ಇಬ್ಬರಿಗೂ ಗೊತ್ತು. ಆದರೆ ಹೋಗದಿದ್ದರೆ ಮುಂದಿನ ನಳ್ಳಿಯನ್ನು ಅವನು ಎದುರಿನ ಅಂಗಡಿಯಲ್ಲಿ ಕೊಳ್ಳುತ್ತಾನೆ ಎಂಬುದು ನನಗೆ ಗೊತ್ತು.

ಹಾಗಾಗಿ ಪ್ರತಿ ಆದಿತ್ಯವಾರ ಬಿಳಿ ಶರ್ಟು, ಬಿಳಿ ಪಂಚೆ. ಬೆಳಿಗ್ಗೆ ಗುಂಡ್ಯದಲ್ಲಿ ಹೊಸ ಮನೆಯ ಅಟ್ಟದವರೆಗೂ ಹತ್ತಿ "ಗಾಳಿ ಒಳ್ಳೆದುಂಟು" ಎನ್ನಬೇಕು. ಮಧ್ಯಾಹ್ನ ಸುಬ್ರಹ್ಮಣ್ಯದ ಯಾವುದೋ ಮದುವೆ ಹಾಲಿನಲ್ಲಿ ಊಟದ ಕುರ್ಚಿ ಹಿಡಿಯಲಿಕ್ಕೆ ಓಡಬೇಕು. (ಕುರುಕ್ಷೇತ್ರದಲ್ಲಿ ಕೂಡ ಎರಡನೆಯ ಪಂಕ್ತಿಗೆ ಅಷ್ಟು ನೂಕುನುಗ್ಗಲು ಇದ್ದಿರಲಾರದು.) ಸಂಜೆ ಮತ್ತೊಂದು ಕಡೆ ನಗಬೇಕು. ನಗು ಎಂಬುದು ಎಂಥ ದೇಹಶ್ರಮ ಎಂದು ಹಾರೆ ಹಿಡಿದವರಿಗೆ ಗೊತ್ತಿರುವುದಿಲ್ಲ. ನನ್ನ ಹೆಂಡತಿ ವಾರಿಜಳೂ ಜೊತೆಗೆ ಬರುತ್ತಾಳೆ. ಅವಳಿಗೇನು, ಸೀರೆ ಉಟ್ಟು ಕಾರಿನಲ್ಲಿ ಕೂತರೆ ಆಯಿತು. ಆಯಾಸವೆಲ್ಲ ನನ್ನ ಪಾಲಿಗೆ. ಹೀಗೆಂದು ನಾನು ನಂಬಿಕೊಂಡಿದ್ದೆ.

ಈ ಸ್ಥಿತಿಯಲ್ಲಿ ನನಗೆ ಗಾಲ್ಫಿನ ದಾರಿ ತೋರಿಸಿದವರು ಸಾಹುಲ್ ಹಮೀದ್, ನಮ್ಮೆಲ್ಲರ ಬಾಯಲ್ಲಿ ಹಮೀದಾಕ. ದುಬೈಯ ದೊಡ್ಡ ಹೋಟೆಲೊಂದರಲ್ಲಿ ಬಹಳ ವರ್ಷ ದುಡಿದು, ಊರಿಗೆ ಬಂದು ನಮ್ಮ ಪಕ್ಕದಲ್ಲೇ ಮನೆ ಕಟ್ಟಿದವರು. ಎಲ್ಲರೂ ಕಂಬಳಿ, ಅತ್ತರಿನ ಬಾಟಲಿ ತಂದರೆ ಇವರು ಒಂದು ಉದ್ದ ಚೀಲದ ತುಂಬ ಗಾಲ್ಫಿನ ಕೋಲು ತಂದಿದ್ದರು.

"ಈ ಆಟದಲ್ಲಿ ಎಂತ ಉಂಟು ಹಮೀದಾಕ?" ಎಂದು ಕೇಳಿದೆ.

"ಎಂತದೂ ಇಲ್ಲ ಪ್ರೇಮಣ್ಣ. ಚೆಂಡು ಹೊಡೆಯುದು, ಅದು ಹೋದಲ್ಲಿಗೆ ನಡೆಯುದು, ಪುನಃ ಹೊಡೆಯುದು. ಬೆಳಿಗ್ಗೆ ಹೋದ್ರೆ ಮಧ್ಯಾಹ್ನ. ಯಾರೂ ಮಾತಾಡ್ಲಿಕ್ಕಿಲ್ಲ. ಫೋನ್ ತೆಗೀಲಿಕ್ಕಿಲ್ಲ."

"ಊಟ?"

"ಬೇಕಾದ್ರೆ ಒಬ್ಬನೇ ಕೂತು ಉಣ್ಣುದು."

ನನ್ನ ಕಣ್ಣು ತುಂಬಿ ಬಂತು.

ಮನೆಯಲ್ಲಿ ವಿಷಯ ತೆಗೆದಾಗ ವಾರಿಜ ಬಸಳೆ ಹೆಚ್ಚುತ್ತಿದ್ದಳು. "ಗಾಲ್ಫಾ? ನೀವಾ? ಮೊನ್ನೆ ಬಟಾಟೆ ಉರುಳಿ ಮಂಚದ ಅಡಿಗೆ ಹೋದದ್ದನ್ನು ಬಗ್ಗಿ ತೆಗೀಲಿಕ್ಕೆ ಆಗ್ಲಿಲ್ಲ ನಿಮಗೆ!"

"ಅದು ಬಗ್ಗುವ ಆಟ ಅಲ್ಲ. ಅದು ಮನಃಶಾಂತಿ."

"ಮತ್ತೆ ಆದಿತ್ಯವಾರದ ಫಂಕ್ಷನ್ನಿಗೆಲ್ಲ?"

"ನೀನು ಹೋಗಿ ಬಾ. ನಿನಗೆ ಖುಷಿ ಅಲ್ವಾ?"

ಅವಳು ಹೆಚ್ಚುವುದನ್ನು ನಿಲ್ಲಿಸಿ ನನ್ನನ್ನು ಒಮ್ಮೆ ನೋಡಿದಳು. ಕೈಯಲ್ಲಿ ಕತ್ತಿ ಇದ್ದದ್ದರಿಂದ ನಾನು ಹೆಚ್ಚು ವಿವರಿಸಲಿಲ್ಲ.

ಈಗ ನನ್ನ ಮುಂದೆ ಎರಡು ಮಾರ್ಗಗಳಿದ್ದವು. ಒಂದು, ಮಂಗಳೂರಿನಿಂದಾಚೆ ಗುಡ್ಡದ ಮೇಲಿರುವ ಅಸಲಿ ಗಾಲ್ಫ್ ಕ್ಲಬ್ಬು. ಇನ್ನೊಂದು, ನೆಲ್ಯಾಡಿಯ ಬೆಳ್ಯಪ್ಪಣ್ಣ ಹೇಳಿದ ಉಪಾಯ. ಬೆಳ್ಯಪ್ಪಣ್ಣ ನನ್ನ ಹಳೆಯ ಗಿರಾಕಿ. ಅವರ ಗುಡ್ಡೆಯಲ್ಲಿ ಮುದಿ ರಬ್ಬರ್ ಮರಗಳನ್ನು ಕಡಿದಾಗಿತ್ತು, ಹೊಸ ಗಿಡ ಇಡಲು ಇನ್ನೂ ಸಮಯವಿತ್ತು. "ನೀವು, ಹಮೀದಾಕ, ನಾನು ಸೇರಿ ಅಲ್ಲೇ ಆಡುವ ಮಾರಾಯ್ರೆ. ಕ್ಲಬ್ಬು ಗಿಬ್ಬು ಎಂತಕ್ಕೆ? ನಮ್ಮದೇ ಒಂದು ಬಳಗ. ರೂಲ್ಸ್ ಇಲ್ಲ, ಮಣ್ಣಂಗಟ್ಟಿ ಇಲ್ಲ" ಎಂದರು.

ಮೊದಲು ಕ್ಲಬ್ಬನ್ನು ನೋಡಿ ಬರೋಣವೆಂದು ಹೊರಟೆವು. ಸೇರುವವರು ಸಪತ್ನೀಕರಾಗಿ ಬರಬೇಕೆಂದು ಕ್ಲಬ್ಬಿನವರು ಹೇಳಿದ್ದರಿಂದ ನಾನು, ವಾರಿಜ, ಹಮೀದಾಕ, ಅವರ ಹೆಂಡತಿ ನಶೀದಾ, ನಾಲ್ವರೂ ಹೋದೆವು. ಕಾರು ನಶೀದಾಳದ್ದೇ. ದುಬೈಯಲ್ಲಿ ಕಲಿತ ಡ್ರೈವಿಂಗ್. ನಮ್ಮ ಹೆದ್ದಾರಿಯ ಗುಂಡಿಗಳು ಅವಳನ್ನು ಕಂಡರೆ ತಾವೇ ಬದಿಗೆ ಸರಿಯುತ್ತವೆ.

ಕ್ಲಬ್ಬಿನ ಸೆಕ್ರೆಟರಿ ಪಿಸುಮಾತಿನ ಮನುಷ್ಯ. ಕಾಲರಿನ ಟೀ ಶರ್ಟು, ಅದನ್ನು ಪ್ಯಾಂಟಿನೊಳಗೆ ಸಿಕ್ಕಿಸಬೇಕು, ಆ ಆಟದ್ದೇ ಬೂಟು, ಮೊದಲು ತರಬೇತಿ, ಇಬ್ಬರು ಸದಸ್ಯರ ಶಿಫಾರಸು ಎಂದೆಲ್ಲ ಪಿಸುಗುಟ್ಟಿದರು. ಪಂಚೆಗೆ ಅವಕಾಶ ಉಂಟಾ ಎಂದು ನಾನು ಕೇಳಿದ್ದಕ್ಕೆ ಅವರು ಕಿಟಕಿಯಿಂದ ಹೊರಗೆ ನೋಡಿದರು. ಹೆಂಗಸರಿಬ್ಬರನ್ನು ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂರಿಸಿ, ನಮ್ಮನ್ನು ಮೈದಾನ ತೋರಿಸಲು ಕರೆದುಕೊಂಡು ಹೋದರು.

ಎಂಥ ಹಸಿರು! ಎಂಥ ಮೌನ! ಇದೇ ಮೋಕ್ಷ ಎಂದುಕೊಂಡೆ. ಅಷ್ಟರಲ್ಲಿ ದೂರದಲ್ಲಿ, ಎರಡೂ ಕೈಯಿಂದ ಕೋಲೆತ್ತಿ ನಿಂತ ಒಬ್ಬರ ಗುರುತು ಹತ್ತಿತು. ಪುತ್ತೂರಿನ ಡಾಕ್ಟ್ರು! ಹಿಂದಿನ ಬೇಸಗೆಯಲ್ಲಿ ನನ್ನಿಂದ ಬೋರ್‌ವೆಲ್ ಪಂಪು ಕೊಂಡವರು. ಗಿರಾಕಿಯನ್ನು ಕಂಡೂ ಮಾತಾಡಿಸದೆ ಹೋಗುವ ಸಂಸ್ಕೃತಿ ನನ್ನದಲ್ಲ.

"ಹೋಯ್ ಡಾಕ್ಟ್ರೇ! ಪಂಪು ನೀರು ಎತ್ತುತ್ತಾ ಉಂಟಾ?"

ಚೆಂಡು ಕೆರೆಗೆ ಹೋಯಿತು. ಸಾಮಾನ್ಯವಾಗಿ ಹೋಗುವ ಹಾಗಲ್ಲ. ಒಂದು ಬಾತುಕೋಳಿಯನ್ನು ಎಬ್ಬಿಸಿಕೊಂಡು ಹೋಯಿತು. ಇಡೀ ಗುಡ್ಡ ನನ್ನ ಕಡೆ ತಿರುಗಿತು. ಸೆಕ್ರೆಟರಿ ಪಿಸುಮಾತನ್ನೂ ಕಳೆದುಕೊಂಡರು. ಡಾಕ್ಟ್ರು ಮಾತ್ರ ಸಜ್ಜನರು, ಪಂಪಿನ ಬಗ್ಗೆ ಉತ್ತರ ಕೊಟ್ಟರು. ಅದನ್ನು ಇಲ್ಲಿ ಬರೆಯುವಂತಿಲ್ಲ.

ವಾಪಸು ಬರುವಾಗ ನನ್ನ ತೀರ್ಮಾನ ಸಿದ್ಧವಾಗಿತ್ತು. "ಅಹಂಕಾರದವರು. ಮನುಷ್ಯನನ್ನು ಮನುಷ್ಯ ಮಾತಾಡಿಸುದೇ ಅಪರಾಧವಂತೆ! ನಮಗೆ ಬೆಳ್ಯಪ್ಪಣ್ಣನ ಬಳಗವೇ ಸರಿ." ಹಮೀದಾಕ ಹೂಂಗುಟ್ಟಿದರು. ಹೆಂಗಸರು ಏನೂ ಹೇಳಲಿಲ್ಲ. ಸುಸ್ತಾಗಿರಬೇಕು ಎಂದುಕೊಂಡೆ.

ಬಳಗದ ಮೊದಲ ಆದಿತ್ಯವಾರವನ್ನು ನಾನು ಸಾಯುವವರೆಗೆ ಮರೆಯಲಾರೆ. ಗುಡ್ಡೆಯಲ್ಲಿ ಸಮತಟ್ಟಾದ ಜಾಗ ಒಂದೇ ಇತ್ತು. ಅಲ್ಲಿ ಚೆಂಡು ಬೀಳಲಿಕ್ಕೆ ಗುಂಡಿ ತೋಡಿ, ನನ್ನ ಅಂಗಡಿಯ ನಾಲ್ಕಿಂಚಿನ ಪಿವಿಸಿ ಪೈಪಿನ ತುಂಡನ್ನು ಇಳಿಸಿದೆವು. ಪಂಚೆ ಎತ್ತಿ ಕಟ್ಟಿ ಚೆಂಡು ಹೊಡೆದೆವು; ಅದು ರಬ್ಬರ್ ಬುಡಗಳಿಗೆ ಬಡಿದು ಬಡಿದು ಹಿಂದಕ್ಕೇ ಬರುತ್ತಿದ್ದುದರಿಂದ ನಡೆಯುವ ಶ್ರಮವೂ ಇರಲಿಲ್ಲ. ಅದರ ನಡುವೆ ಬುಡವೊಂದರ ಮೇಲೆ ಕೂತು ನಾನು ಸುಮ್ಮನೆ ಆಕಾಶ ನೋಡಿದೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ.

ಎರಡನೆಯ ಆದಿತ್ಯವಾರ ಬೆಳ್ಯಪ್ಪಣ್ಣ ಕೋಲನ್ನು ಊರುಗೋಲಾಗಿ ಹಿಡಿದುಕೊಂಡು ಹೇಳಿದರು: "ಹೀಗೆ ಕದ್ದು ಮುಚ್ಚಿ ಆಡುದು ಸರಿ ಅಲ್ಲ. ಒಂದು ಉದ್ಘಾಟನೆ ಮಾಡುವ."

ಅಲ್ಲೇ ನಾನು ಎದ್ದು ಓಡಬೇಕಿತ್ತು. ನಮ್ಮ ಸೀಮೆಯಲ್ಲಿ ಮೂರು ಜನ ಒಂದು ಕಡೆ ನಿಂತರೆ ಸಂಘ. ನಾಲ್ಕನೆಯವನು ಬಂದರೆ ಅವನು ಗೌರವ ಸಲಹೆಗಾರ. ನಾನು ಓಡಲಿಲ್ಲ, ಏಕೆಂದರೆ ಅದೇ ಉಸಿರಿನಲ್ಲಿ ಬೆಳ್ಯಪ್ಪಣ್ಣ, "ಸ್ಥಾಪಕ ಅಧ್ಯಕ್ಷರು ಪ್ರೇಮಣ್ಣನೇ ಆಗಬೇಕು. ನೆಲ್ಯಾಡಿ ಜಂಕ್ಷನ್ನಿನಲ್ಲಿ ದೊಡ್ಡ ಫ್ಲೆಕ್ಸ್ ಹಾಕುವ" ಎಂದರು. ಜಂಕ್ಷನ್ನಿನಲ್ಲಿ, ಬೆಂಗಳೂರು ಬಸ್ಸುಗಳೆಲ್ಲ ಹಾದುಹೋಗುವಲ್ಲಿ, ನನ್ನ ಮುಖ! ನಾನು "ಛೆ ಛೆ, ನನಗೆಂತಕ್ಕೆ" ಎಂದೆ. ಒಂದೇ ಸಲ ಎಂದೆ.

ಉದ್ಘಾಟನೆಯಾಯಿತು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ನಾಲ್ವರಿಗೆ ಸನ್ಮಾನ, ಎಂಟು ಮಂದಿಯ ಹಿತನುಡಿ, ವಂದನಾರ್ಪಣೆ. ಶಾಮಿಯಾನ ಹಾಕಲು ಸಮತಟ್ಟು ಜಾಗ ಬೇಕಲ್ಲ? ಅದರ ನಡುಗಂಬ ಸರಿಯಾಗಿ ನನ್ನ ನಾಲ್ಕಿಂಚಿನ ಪೈಪಿನೊಳಗೆ ಇಳಿಯಿತು. ಅಳತೆ ಮಾಡಿ ಮಾಡಿದ ಹಾಗೆ. ಅಧ್ಯಕ್ಷ ಭಾಷಣದಲ್ಲಿ ನಾನು "ಗಾಲ್ಫ್ ಎಂದರೆ ಮೌನ" ಎಂಬ ವಿಷಯದ ಮೇಲೆ ಮುಕ್ಕಾಲು ಗಂಟೆ ಮಾತಾಡಿದೆ.

ಆಮೇಲೆ ಬಳಗಕ್ಕೆ ಜನ ಸೇರತೊಡಗಿದರು. ಗಾಲ್ಫಿನ ಕೋಲು ಮುಟ್ಟದವರು, ಚೆಂಡು ಕಾಣದವರು, ಕಾಣುವ ಆಸೆಯೂ ಇಲ್ಲದವರು. ಸೇರಿದ ಪ್ರತಿಯೊಬ್ಬರಿಗೂ ಮನೆಗಳಿದ್ದವು, ಮಕ್ಕಳಿದ್ದರು, ಅವರಿಗೆ ಮದುವೆಗಳಿದ್ದವು. "ಅಧ್ಯಕ್ಷರು ಬರದಿದ್ರೆ ಬಳಗಕ್ಕೇ ಬೇಸರ" ಎಂದು ಮನೆ ಬಾಗಿಲಿಗೆ ಬಂದು ಕರೆದರು. ಮುಂಚೆ ನಳ್ಳಿ ಕೊಂಡವರು ಮಾತ್ರ ಕರೆಯುತ್ತಿದ್ದರು. ಈಗ ಎದುರಿನ ಅಂಗಡಿಯಲ್ಲಿ ನಳ್ಳಿ ಕೊಂಡವರೂ ಕರೆಯುತ್ತಿದ್ದಾರೆ. ಆ ಎದುರಿನ ಅಂಗಡಿಯವನೇ ನಮ್ಮ ಕ್ರೀಡಾ ಕಾರ್ಯದರ್ಶಿ!

ಅಂಥ ಒಂದು ಆದಿತ್ಯವಾರ. ಐದು ಕಡೆ ಹೋಗಲಿಕ್ಕಿತ್ತು. ನಾನು ಪಂಚೆ ಉಟ್ಟು, "ವಾರಿಜ, ಹೊರಡು, ಮೊದಲು ಸುಬ್ರಹ್ಮಣ್ಯ" ಎಂದು ಕೂಗಿದೆ. ಒಳಗಿನಿಂದ ಬಂದವಳನ್ನು ನೋಡಿ ಯಾರೋ ನೆಂಟರ ಮಗಳೆಂದುಕೊಂಡೆ. ಕಾಲರಿನ ಟೀ ಶರ್ಟು, ಪ್ಯಾಂಟಿನೊಳಗೆ ಸಿಕ್ಕಿಸಿದ್ದು. ತಲೆಗೆ ಟೊಪ್ಪಿ. ಕಾಲಿಗೆ ಆ ಆಟದ್ದೇ ಬೂಟು.

"ಇದೆಂತದು ವೇಷ?"

"ಕ್ಲಬ್ಬಿಗೆ. ನಾನೂ ನಶೀದಾಳೂ ಮೆಂಬರ್ ಆದ್ವಲ್ಲ. ಹೆಂಗಸರು ಕಡಿಮೆ ಇದ್ದಾರಂತೆ, ಅವರೇ ಕರೆದ್ರು. ಶಿಫಾರಸು ಮಾಡಿದ ಇಬ್ಬರಲ್ಲಿ ಒಬ್ಬರು ನಿಮ್ಮ ಡಾಕ್ಟ್ರೇ."

"ಡಾಕ್ಟ್ರಾ? ನನ್ನ ಹೆಂಡತಿಗಾ?"

"ಪಾಪ, ನಿಮ್ಮ ಹೆಂಡತಿ ಅಂತ ಗೊತ್ತಾದ ಮೇಲೆಯೇ ಮಾಡಿದ್ದು."

"ನನ್ನ ಹತ್ರ ಒಂದು ಮಾತು ಕೇಳಬಾರದಾ?"

"ಕೇಳಿದ್ದೆ. ನೀವು ಫ್ಲೆಕ್ಸಿಗೆ ಯಾವ ಫೋಟೋ ಒಳ್ಳೇದು ಅಂತ ನೋಡ್ತಾ ಇದ್ರಿ. 'ಆಯ್ತು, ಮೀಸೆ ಕಾಣ್ತಾ ಉಂಟಲ್ಲ' ಅಂದ್ರಿ."

ನನಗೆ ಕುರ್ಚಿ ಬೇಕಾಯಿತು. "ನಿನಗೆ ಆಡ್ಲಿಕ್ಕೆ ಬರ್ತದಾ?"

"ಚೆಂಡು ಎಲ್ಲಿಗೋ ಹೋಗ್ತದೆ. ಅದನ್ನು ಹುಡುಕ್ಲಿಕ್ಕೆ ನಾನೊಬ್ಬಳೇ ಹೋಗುದು. ಅಲ್ಲಿ ಯಾರೂ ಮಗಳ ಮದುವೆ ಯಾವಾಗ ಅಂತ ಕೇಳುದಿಲ್ಲ. ಸೀರೆ ಹೊಸತಾ ಅಂತ ಕೇಳುದಿಲ್ಲ. ದಪ್ಪ ಆಗಿದ್ದೀಯಲ್ಲ ಅಂತ ಹೇಳುದಿಲ್ಲ. ಇಪ್ಪತ್ತೈದು ವರ್ಷ ನಿಮ್ಮ ಗಿರಾಕಿಗಳ ಅತ್ತೆ, ನಾದಿನಿಯರ ಹತ್ರ ನಕ್ಕು ನಕ್ಕು ನನ್ನ ದವಡೆ ನೋಯ್ತದೆ ಮಾರಾಯ್ರೆ."

ಗೇಟಿನಲ್ಲಿ ನಶೀದಾಳ ಹಾರ್ನ್ ಕೇಳಿಸಿತು. ಪಕ್ಕದ ತಮ್ಮ ಮನೆಯ ಗೇಟಿನಲ್ಲಿ ಹಮೀದಾಕ, ಬಿಳಿ ಶರ್ಟು ಹಾಕಿ, ಯಾವುದೋ ಮದುವೆಗೆ ಒಬ್ಬರೇ ಹೊರಟು ನಿಂತಿದ್ದರು. ನಾವು ಒಬ್ಬರನ್ನೊಬ್ಬರು ನೋಡಲಿಲ್ಲ.

ಅಂದು ನಾನು ಹೋದ ಐದರಲ್ಲಿ ಒಂದು ಸೀಮಂತ. ವಾರಿಜ ಕೂರಬೇಕಿದ್ದ ಜಾಗದಲ್ಲಿ ನನ್ನನ್ನು ಕೂರಿಸಿದರು. "ಎಲ್ಲಿ ವಾರಿಜಕ್ಕ?" ಎಂದು ಹೆಂಗಸರು ಸುತ್ತಲೂ ಬಂದರು. ಸುಳ್ಳು ಹೇಳುವ ತ್ರಾಣವೂ ಇರಲಿಲ್ಲ. "ಗಾಲ್ಫಿಗೆ ಹೋಗಿದ್ದಾಳೆ" ಎಂದೆ. ಈಗ ಮಾನ ಹೋಯಿತು ಎಂದು ತಲೆ ತಗ್ಗಿಸಿದೆ. ಆಗ ಮದುಮಗಳ ಹಾಗೆ ಸಿಂಗರಿಸಿಕೊಂಡಿದ್ದ ಬೆಳ್ಯಪ್ಪಣ್ಣನ ಹೆಂಡತಿ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ಗಂಡನಿಗೆ ಕೇಳಿಸದ ಹಾಗೆ ಕೇಳಿದರು: "ಅಣ್ಣ, ಅಲ್ಲಿ ಇನ್ನೂ ಜಾಗ ಉಂಟಾ?"

ಸಂಜೆ ಮನೆಗೆ ಬಂದಾಗ ವಾರಿಜ ಬಿಸಿಲಿಗೆ ಮೂಗು ಕೆಂಪಗೆ ಮಾಡಿಕೊಂಡು, ಸೋಫಾದಲ್ಲಿ ಕಾಲು ಚಾಚಿ ಮಲಗಿದ್ದಳು. ಅವಳ ಮುಖದಲ್ಲಿ ನಾನು ವರ್ಷಗಳಿಂದ ಕಾಣದ ಒಂದು ನೆಮ್ಮದಿಯಿತ್ತು. ಐದು ಪಾಯಸಗಳ ಭಾರ ಹೊತ್ತು ನಾನು ಎದುರಿನ ಕುರ್ಚಿಯಲ್ಲಿ ಕುಸಿದೆ.

"ವಾರಿಜ, ನನ್ನನ್ನೂ ಅಲ್ಲಿಗೆ ಸೇರಿಸು. ನಾನು ಬಾಯಿ ಬಿಡುದಿಲ್ಲ. ಬೇಕಾದ್ರೆ ಬಟ್ಟೆ ಕಟ್ಟಿಕೊಳ್ತೇನೆ."

ಅವಳು ಒಂದು ಕಣ್ಣು ಮಾತ್ರ ತೆರೆದಳು.

"ನೋಡುವ. ಬರುವ ಆದಿತ್ಯವಾರವಂತೂ ಆಗ್ಲಿಕ್ಕಿಲ್ಲ, ನಿಮಗೆ ಆರು ಕಡೆ ಊಟದ ಹೇಳಿಕೆ ಉಂಟು. ಬಿಳಿ ಶರ್ಟಿಗೆ ಇಸ್ತ್ರಿ ನೀವೇ ಹಾಕಿಕೊಳ್ಳಿ, ನಾನು ಬೇಗ ಹೊರಡ್ಬೇಕು."