ಮೊಮ್ಮಗಳ ವ್ಯಾಪಾರದಲ್ಲಿ ನನ್ನ ಚೌಕಾಸಿ

ಬೆಲೆ ಕಿವಿಗೆ ಬಿದ್ದ ಕೂಡಲೇ ಒಪ್ಪಿಕೊಳ್ಳುವವರನ್ನು ಕಂಡರೆ ನನಗೆ ಮರುಕ. ಅದರಿಂದ ಮಾರುವವನಿಗೂ ಸುಖವಿಲ್ಲ. ಇನ್ನೂ ಸ್ವಲ್ಪ ಜಾಸ್ತಿ ಹೇಳಬೇಕಿತ್ತು ಎಂದು ಕೊರಗುತ್ತಾನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಮಿಕ್ಕ ವಿದ್ಯೆಯೆಲ್ಲ ಜಯನಗರದ ಮಾರ್ಕೆಟ್ಟಿನಲ್ಲಿ ಸೊಪ್ಪಿನವರ ಮುಂದೆ ನಿಂತು ಕಲಿತದ್ದು. ಒಮ್ಮೆ ಡಾಕ್ಟರು ಫೀಸು ಹೇಳಿದಾಗಲೂ "ಸರಿಯಾಗಿ ನೋಡಿ ಹೇಳಿ ಸಾರ್" ಎಂದುಬಿಟ್ಟೆ; ಪಕ್ಕದಲ್ಲಿದ್ದ ಮಗ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಹೊತ್ತು ಓದಿದ. ಇಂಥ ಬಾಯಿ ನನ್ನ ಮೊಮ್ಮಗಳ ವ್ಯಾಪಾರಕ್ಕೂ ನುಗ್ಗಿತು. ಆದರೂ ನೋಡಿ, ಈವತ್ತು ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ!

ನನ್ನ ಮೊಮ್ಮಗಳು ಸಿಂಧು ಒಬ್ಬ ಗೆಳತಿಯ ಜೊತೆ ಸೇರಿ ಸಾಫ್ಟ್‌ವೇರ್ ಕಂಪನಿ ಮಾಡಿದ್ದಾಳೆ. ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿಗಳಿಗೆ ಅದು. ಯಾವ ಹಂಡೆ ಯಾರ ಮನೆಯಲ್ಲಿದೆ, ಯಾವತ್ತು ವಾಪಸ್ ಬರುತ್ತದೆ ಎಂದು ಕಂಪ್ಯೂಟರೇ ಹೇಳುತ್ತದೆ. ಮೊದಲ ತಿಂಗಳು ಪುಕ್ಕಟೆ. ಪುಕ್ಕಟೆ ಇರುವಷ್ಟು ದಿನ ಎಲ್ಲರೂ ಹೊಗಳುತ್ತಾರೆ, ತಿಂಗಳು ತುಂಬಿದರೆ ಫೋನು ಎತ್ತುವುದಿಲ್ಲ. ದುಡ್ಡು ಕೊಟ್ಟು ಕೊಂಡವರು ಒಬ್ಬರೂ ಇರಲಿಲ್ಲ. ಕೊನೆಗೆ ಉಳಿದವರು ಬನಶಂಕರಿಯ ನಂಜುಂಡಪ್ಪನವರು; ಅವರೂ ಬೇಡವೆಂದರೆ ಕಂಪನಿ ಮುಚ್ಚುವುದೆಂದು ಗೆಳತಿಯರು ಮಾತಾಡಿಕೊಂಡಿದ್ದರು. ನನ್ನನ್ನು ದೇವಸ್ಥಾನಕ್ಕೆ ಬಿಡುವ ದಾರಿಯಲ್ಲಿ ಸಿಂಧು ಸ್ಕೂಟರನ್ನು ಅವರ ಅಂಗಡಿಗೆ ತಿರುಗಿಸಿದಳು.

"ಅಜ್ಜಿ, ರೇಟ್ ಮಾತ್ರ ಇಳಿಸಲ್ಲ. ಒಬ್ರಿಗೆ ಇಳಿಸಿದ್ರೆ ಎಲ್ರೂ ಕೇಳ್ತಾರೆ. ಉಪಯೋಗ ತೋರಿಸಿ ಮಾರ್ಬೇಕು. ನೀನು ಸುಮ್ನೆ ಕೂತಿರು."

ಸುಮ್ಮನೇ ಕೂತೆ. ನಂಜುಂಡಪ್ಪನವರ ಹೆಂಡತಿ ಗೌರಮ್ಮ ಕಾಫಿ ಕೊಟ್ಟರು. ತಿಂಗಳೆಲ್ಲ ಕೂತು ಲೆಕ್ಕ ಕಂಪ್ಯೂಟರಿಗೆ ಹಾಕಿದವರು ಅವರೇ. ಯಜಮಾನರಿಗೆ ಮಾತ್ರ ಗೋಡೌನಿಗೆ ಹೋಗಿ ಕಣ್ಣಾರೆ ನೋಡದೆ ನಂಬಿಕೆಯಿಲ್ಲ. ಸಿಂಧು ವರ್ಷದ ಬೆಲೆ ಹೇಳಿದಳು.

"ಅಷ್ಟೊಂದಾ?"

ಕೇಳಿದ್ದು ನಂಜುಂಡಪ್ಪನವರಲ್ಲ, ನಾನು.

"ಅಜ್ಜೀ!"

"ಇರೇ ಪುಟ್ಟಿ. ಪಾಪ, ಅವ್ರೂ ಸಂಸಾರಸ್ಥರು. ಒಂದು ಮಾತು ಹೇಳು, ತಗೊಳ್ತಾರೆ."

"ಅಜ್ಜಿ ನ್ಯಾಯವಾಗಿ ಮಾತಾಡ್ತಾರೆ ಕಣಮ್ಮ," ಎಂದು ನಂಜುಂಡಪ್ಪನವರು ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡರು.

ಸಿಂಧು ಜಗ್ಗಲಿಲ್ಲ. ಜೀವಮಾನವೆಲ್ಲ ಮಾಡಿದ್ದನ್ನೇ ನಾನು ಮಾಡಿದೆ. "ಹಾಗಾದ್ರೆ ಬೇಡ ಬಿಡು," ಎಂದು ಎದ್ದು ಹೊರಟೆ. ನಂಜುಂಡಪ್ಪನವರೂ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬಂದರು, ತಮ್ಮದೇ ಅಂಗಡಿಯಿಂದ!

ಹೀಗೆ ಹೊರಡುವುದಕ್ಕೂ ಒಂದು ಕ್ರಮವಿದೆ. ನಿಧಾನವಾಗಿ ನಡೆಯಬೇಕು, ತಿರುಗಿ ನೋಡಬಾರದು, ಆದರೆ ಕಿವಿ ಹಿಂದೆಯೇ ಇರಬೇಕು. ಕರೆದೇ ಕರೆಯುತ್ತಾರೆ. ನಾವಿಬ್ಬರೂ ಫುಟ್‌ಪಾತಿನ ಮೇಲೆ ನಿಂತೆವು.

"ಕರೀತಾಳಾ ಅಜ್ಜಿ?"

"ಕರೀತಾಳೆ, ನಿಂತ್ಕೊಳ್ಳಿ."

ಒಳಗೆ ಫೋನು ಹೊಡೆದುಕೊಂಡಿತು. "ಈಗ ನೋಡಿ, ನಮ್ಮೋಳು ನನ್ನ ಕೂಗ್ತಾಳೆ. ನಾನು ಗೋಡೌನ್ ನೋಡ್ಬೇಕಲ್ಲ," ಎಂದು ನಂಜುಂಡಪ್ಪನವರು ಪಂಚೆ ಸರಿಮಾಡಿಕೊಂಡರು. ಯಾರೂ ಕೂಗಲಿಲ್ಲ. ಗೌರಮ್ಮನವರ ದನಿ ಮಾತ್ರ ಕೇಳಿತು: "ನಾಮಕರಣಕ್ಕಾ? ಕುರ್ಚಿ ಇದೆ. ದೊಡ್ಡ ಹಂಡೆ ಶನಿವಾರ ಸಂಜೆ ವಾಪಸ್ ಬರುತ್ತೆ, ಭಾನುವಾರಕ್ಕೆ ಕೊಡ್ತೀನಿ. ಹ್ಞೂಂ, ನಾನೇ ಹೇಳ್ತಿದ್ದೀನಲ್ಲ!"

ನಂಜುಂಡಪ್ಪನವರ ಮುಖ ನೋಡಬೇಕಿತ್ತು. ಸ್ವಲ್ಪ ಹೊತ್ತಿಗೆ ಗೌರಮ್ಮ ಬಾಗಿಲಿಗೆ ಬಂದರು. "ರೀ, ಬೀದೀಲಿ ಯಾಕ್ ನಿಂತಿದ್ದೀರಾ? ವರ್ಷದ ದುಡ್ಡು ಕಳ್ಸಾಯ್ತು. ಹೇಳಿದ ರೇಟೇ. ಇನ್ಮೇಲೆ ಹಂಡೆ ಕೇಳಕ್ಕೆ ನಿಮ್ಮನ್ನ ಕೂಗ್ಕೊಂಡು ಸಾಯ್ಬೇಕಾಗಿಲ್ಲ."

ಅವರ ಹಿಂದೆ ಸಿಂಧು. ಕಣ್ಣಲ್ಲಿ ನೀರು, ಬಾಯ್ತುಂಬ ನಗು. ನನ್ನ ಕೂಸಿನ ಮೊದಲ ವ್ಯಾಪಾರ! ಹೋಗಿಬರುವವರೆಲ್ಲ ನೋಡುತ್ತಿರಲಿ ಎಂದು ಬೀದಿಯಲ್ಲೇ ನೆಟಿಗೆ ಮುರಿದು ದೃಷ್ಟಿ ತೆಗೆದೆ. ಹೂವಿನವಳಿಗೆ ಹೇಳಿದೆ, ಎಳನೀರಿನವನಿಗೆ ಹೇಳಿದೆ, ದೇವಸ್ಥಾನದ ಸಾಲಿನಲ್ಲಿ ಹಿಂದೆ ಮುಂದೆ ನಿಂತವರಿಗೂ ಹೇಳಿದೆ. ಅಮ್ಮನವರಿಗೆ ಹೇಳುವ ಹೊತ್ತಿಗೆ ಹೇಳಿ ಹೇಳಿ ದನಿಯೇ ಕೂತುಹೋಗಿತ್ತು.

ಒಂದು ಮಾತು ಉಳಿದಿದೆ. ಅಂಗಡಿಯಿಂದ ಹೊರಡುವಾಗ ನಂಜುಂಡಪ್ಪನವರು ಮೆಲ್ಲಗೆ ಬಂದು, "ಅಜ್ಜಿ, ವರ್ಷ ಆದ್ಮೇಲೆ ಮತ್ತೆ ರೇಟ್ ಮಾತಾಡ್ಬೇಕಂತೆ. ಆವಾಗ ನೀವು ನಮ್ಮ ಕಡೇನೇ ಕೂತ್ಕೋಬೇಕು," ಎಂದರು. ಸಂತೋಷದ ಭರದಲ್ಲಿ ಆಗಲಿ ಎಂದುಬಿಟ್ಟೆ. ಸಿಂಧುವಿಗೆ ಇನ್ನೂ ಹೇಳಿಲ್ಲ. ನಾನು ಬರೆದದ್ದನ್ನು ಟೈಪ್ ಮಾಡಿಕೊಡುತ್ತೇನೆಂದು ಅವಳೇ ಪಕ್ಕದಲ್ಲಿ ಕಾದು ಕೂತಿದ್ದಾಳೆ. ಬೇರೆ ಯಾರನ್ನಾದರೂ ಹುಡುಕಬೇಕು.