ಹಜರಾಬಿಯ ಕೈಗುಣ

ನಿಂಬರ್ಗಾದ ಹಣಮಂತರಾಯ ಮಾಸ್ತರ ಆ ದಿನ ಪಟ್ಟ ಪಾಡಿಗೆಲ್ಲ ಕಾರಣ ಒಂದು ಸಾಬೂನಿನ ತುಂಡು.

ಯುದ್ಧದ ಕಾಲ. ಸಾಬೂನು ಹಾಗೆಲ್ಲ ಸಿಗುತ್ತಿರಲಿಲ್ಲ. ಹಿಂದಿನ ತಿಂಗಳು ಶಾಲೆಯ ಕೆಲಸಕ್ಕೆ ಕಲಬುರ್ಗಿಗೆ ಹೋದವನು ಹತ್ತು ಅಂಗಡಿ ಸುತ್ತಿ ಒಂದು ಕೆಂಪು ಸಾಬೂನು ತಂದಿದ್ದ, ಅದರ ಜೊತೆಗೆ ‘ಬಾಣಂತಿಯ ಆರೋಗ್ಯ’ ಎಂಬ ತೆಳ್ಳನೆಯ ಪುಸ್ತಕವನ್ನೂ ತಂದಿದ್ದ. ಸಾಬೂನು ತಂದದ್ದು ಒಳ್ಳೆಯದೇ ಆಯಿತು. ಪುಸ್ತಕ ತರಬಾರದಿತ್ತು. ಒಂದು ತಿಂಗಳಲ್ಲಿ ಮಾಸ್ತರ ಅದನ್ನು ಹನ್ನೊಂದು ಸಲ ಓದಿ, ಹೆಂಡತಿ ಶಿವಕಾಂತಾಳ ಹೊಟ್ಟೆಯೊಳಗೆ ಏನೇನು ಎಡವಟ್ಟಾಗಬಹುದು ಎಂಬುದನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ.

ಅವನ ಅಂಜಿಕೆಗೆ ಅರ್ಥವಿರಲಿಲ್ಲ ಎಂದಲ್ಲ. ಶಿವಕಾಂತಾಳನ್ನು ಹಡೆಯುವಾಗಲೇ ಅವಳ ತಾಯಿ ತೀರಿಕೊಂಡಿದ್ದಳು. ತವರಿನಲ್ಲಿ ತಾಯಿ ಇಲ್ಲವೆಂದೇ ಚೊಚ್ಚಲ ಹೆರಿಗೆ ಗಂಡನ ಮನೆಯಲ್ಲಿ ನಡೆಯಬೇಕಾಗಿತ್ತು. ಆ ಮಾತನ್ನು ಶಿವಕಾಂತಾ ಎಂದೂ ಆಡುತ್ತಿರಲಿಲ್ಲ. ಮಾಸ್ತರ ಮಾತ್ರ ರಾತ್ರಿ ಹಾಸಿಗೆಗೆ ಬಿದ್ದ ಕೂಡಲೇ ಅದನ್ನೇ ನೆನೆಯುತ್ತಿದ್ದ. ಅವನಿಗೆ ಹೆಂಡತಿಯ ಮೇಲೆ ಬಹಳ ಜೀವ.

ಹೀಗಾಗಿ ಅವತ್ತು ಬೆಳಿಗ್ಗೆ ಹೊತ್ತು ಹುಟ್ಟುವಾಗ ನೋವು ಕಾಣಿಸಿಕೊಂಡು, ಅವನ ತಾಯಿ ಸುಭದ್ರಾಬಾಯಿ ಓಣಿಯ ಸೂಲಗಿತ್ತಿ ಸಾಬವ್ವನನ್ನು ಕರೆಸಿದಾಗ, ಮಾಸ್ತರ ಸಾಬೂನು ಹಿಡಿದು ಪಡಸಾಲೆಯ ಬಾಗಿಲಿಗೆ ಅಡ್ಡ ನಿಂತಿದ್ದ.

“ಆಯಿ, ಮೊದಲ ಕೈ ತೊಳಕೋ.”

ಸಾಬವ್ವನಿಗೆ ಅರವತ್ತು ದಾಟಿತ್ತು. ಅವಳು ಸಾಬೂನನ್ನು ಮೂಸಿ ನೋಡಿ, ಮೊಳಕೈತನಕ ಉಜ್ಜಿ ಉಜ್ಜಿ ತೊಳೆದು, “ಘಮಘಮ ಅಂತದರಿ, ಮಾಸ್ತರ” ಎಂದು ಹೊಗಳಿದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಾಸ್ತರನಿಗೆ ಶಾಲೆಗೆ ಬರುವ ಇನ್ಸ್‌ಪೆಕ್ಟರರ ಗಾಳಿ ಬಡಿದಿತ್ತು.

“ಇಲ್ಲೀತನಕ ಎಷ್ಟು ಹೆರಿಗಿ ಮಾಡೀದಿ?”

“ಎಣಿಸಿಲ್ರಿ.”

“ಎಣಿಸಿಲ್ಲ? ಮತ್ತ ಅದರಾಗ ಉಳದವು ಎಷ್ಟು ಅಂತ ಹ್ಯಾಂಗ ತಿಳೀಬೇಕು?”

“ನಿಮ್ಮ ಶಾಲಿ ಹುಡುಗುರ್ನ ಎಣಸ್ರಿ. ಅರ್ಧಕ್ಕರ್ಧ ನನ್ನ ಕೈಯಾಗ ಬಿದ್ದವೇ ಅದಾವ. ನೀವೂ ಅದರಾಗ ಒಬ್ರು.”

“ಅದು ಹಳೀ ಮಾತಾತು. ಈಗ ಕಣ್ಣು ಸರಿ ಕಾಣ್ತಾವೇನು? ಇದು ಎಷ್ಟು ಬಟ್ಟು, ಹೇಳು ನೋಡೂಣು” ಎಂದು ಮಾಸ್ತರ ಮೂರು ಬೆರಳು ಎತ್ತಿ ಹಿಡಿದ.

ಅವನನ್ನು ಸರಿಸಿಕೊಂಡು ಸುಭದ್ರಾಬಾಯಿ ಬಿಸಿನೀರಿನ ಕೊಡ ಒಳಗೆ ಒಯ್ಯಲು ಹೋದಳು. ತಾನು ಹಿಡಿಯುತ್ತೇನೆಂದು ಮಾಸ್ತರ ಕೈ ಹಾಕಿದ. ಕೊಡ ಉರುಳಿತು. ಅರ್ಧ ನೀರು ತಾಯಿಯ ಕಾಲ ಮೇಲೆ, ಅರ್ಧ ನೀರು ಸಾಬವ್ವ ಮಡಿಚಿಟ್ಟಿದ್ದ ಹಳೆಯ ಮೆತ್ತನೆ ಅರಿವೆಗಳ ಮೇಲೆ ಬಿತ್ತು. ಸುಭದ್ರಾಬಾಯಿ ಸಾಬವ್ವನ ಮುಖ ನೋಡಿದಳು. ಸಾಬವ್ವ ಸುಭದ್ರಾಬಾಯಿಯ ಮುಖ ನೋಡಿದಳು.

“ಹಣಮಂತಾ, ಸಾಬವ್ವ ನಿನ್ನ ಮನಸ್ಸಿಗೆ ಬರವಲ್ಲಳು ಅಂದ್ರ ಬ್ಯಾಡ” ಎಂದಳು ಸುಭದ್ರಾಬಾಯಿ ಮೆಲ್ಲಗೆ. “ಮಾದನಹಿಪ್ಪರಗಾಕ್ಕ ಹೋಗು. ಹಜರಾಬಿನ್ನ ಕರ್ಕೊಂಡು ಬಾ.”

ಮಾಸ್ತರನ ಮುಖ ಅರಳಿತು. ಅವನ ಬಾಯಲ್ಲಿದ್ದದ್ದೂ ಅದೇ ಹೆಸರು. ಒಳ್ಳೆಯ ಸೂಲಗಿತ್ತಿ ಯಾರು ಎಂದು ಒಂದು ತಿಂಗಳಿಂದ ಅವನು ಕಂಡಕಂಡವರನ್ನೆಲ್ಲ ಕೇಳಿದ್ದ. ಹೆಂಗಸರನ್ನು ಕೇಳಿದರೆ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಗಂಡಸರು ಮಾತ್ರ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದಿರಲಿಲ್ಲ. ಜೊತೆಯ ಮಾಸ್ತರ ಲಾಲಸಾಬ ಐದು ಮಕ್ಕಳ ತಂದೆ. ಅವನು “ಹಜರಾಬಿ. ಆಕಿ ಬಿಟ್ರ ಇನ್ನೊಬ್ರಿಲ್ಲ” ಎಂದು, ಯಾಕೋ ಅಂಗೈ ತಿಕ್ಕಿಕೊಳ್ಳುತ್ತ ತರಗತಿಗೆ ಹೋಗಿಬಿಟ್ಟಿದ್ದ. ಗಾಡಿಯ ಚಂದಪ್ಪನೂ ಅದೇ ಹೆಸರು ಹೇಳಿದ್ದ. ಇಡೀ ನಿಂಬರ್ಗಾದ ಗಂಡಸರು ಇನ್ನೊಂದು ವಿಷಯದಲ್ಲಿ ಹೀಗೆ ಒಮ್ಮತವಾದದ್ದನ್ನು ಮಾಸ್ತರ ಕಂಡಿರಲಿಲ್ಲ.

“ನಿನಗ ಬ್ಯಾಸರ ಇಲ್ಲಲ್ಲ, ಆಯಿ?” ಎಂದು ಅವನು ಸಾಬವ್ವನನ್ನು ಕೇಳಿದ.

“ಯಾಕ್ ಬ್ಯಾಸರ್ರಿ! ಹಜರಾಬಿ ಮಾಡೂ ಕೆಲಸ ನನ್ನ ಕೈಲೆ ಆಗೂದಿಲ್ಲ” ಎಂದಳು ಸಾಬವ್ವ, ಬಹಳ ಮರ್ಯಾದೆಯಿಂದ.

ಒಳಗಿನಿಂದ ಶಿವಕಾಂತಾಳ ಧ್ವನಿ ಬಂತು: “ಹೋಗಿ ಬರ್ರಿ. ಲಗೂನ ಹೋಗ್ರಿ. ಸಾವಕಾಶ ಬರ್ರಿ.”

ನೋವಿನಲ್ಲಿ ಏನು ಹೇಳುತ್ತಿದ್ದಾಳೋ ಅವಳಿಗೇ ತಿಳಿಯುತ್ತಿಲ್ಲ ಎಂದುಕೊಂಡು ಮಾಸ್ತರ ಕಣ್ಣೊರೆಸಿಕೊಂಡ.

ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ ಅಪ್ಪ, ಹಜರಾಬಿಯ ಹೆಸರು ಕೇಳಿ ಸೆಟೆದು ಕೂತ. “ನೀ ಹುಟ್ಟೂ ಮುಂದ ನಾನೂ ಹೋಗಿದ್ನೆಪ್ಪಾ. ಛಲೋ ಹೆಣ್ಮಗಳು. ರೊಟ್ಟಿ ತಿಂದು ಹೋಗು, ತ್ರಾಣ ಬೇಕಾಗ್ತದ.” ಇಷ್ಟು ಹೇಳಿ ಗೋಡೆಯ ಕಡೆ ಮುಖ ತಿರುಗಿಸಿದ.

ಮಾಸ್ತರ ರೊಟ್ಟಿ ತಿನ್ನಲಿಲ್ಲ. ಚಂದಪ್ಪನ ಗಾಡಿ ಆ ಕಡೆಗೇ ಹೊರಟಿತ್ತು. ಹತ್ತಿ ಕೂತ. ಒಂದು ಹರದಾರಿ ಹೋಗುವಷ್ಟರಲ್ಲಿ ಎಡದ ಎತ್ತು ಹಳ್ಳದ ನೀರು ಕಂಡು ನಿಂತಿತು. ನಿಂತದ್ದು ಕೂತಿತು. ಚಂದಪ್ಪ ಅದರ ಪಕ್ಕದಲ್ಲೇ ಕೂತು ಬೀಡಿ ಹಚ್ಚಿದ.

“ಎಬ್ಬಿಸೋ ಚಂದಪ್ಪಾ! ಅಲ್ಲಿ ನನ್ನ ಹೆಂಡ್ತಿ ಜೀವ ಹೋಗಾಕತ್ತದ!”

“ಅದು ತನ್ನ ಮನಸ್ಸಿಗೆ ಬಂದಾಗ ಏಳ್ತದರಿ. ನೀವ್ಯಾಕ ಗಡಬಡ ಮಾಡ್ತೀರಿ? ಹಜರಾಬಿ ಎಲ್ಲಿಗೂ ಹೋಗೂದಿಲ್ಲ. ಇಲ್ಲೀತನಕ ಆಕಿ ಮನ್ಯಾಗ ಸಿಕ್ಕಿಲ್ಲ ಅಂದವರಿಲ್ಲ.”

ಅಷ್ಟು ಹೆಸರಾದ ಸೂಲಗಿತ್ತಿ ಯಾವಾಗಲೂ ಮನೆಯಲ್ಲೇ ಹೇಗಿರುತ್ತಾಳೆ ಎಂದು ಯಾರಿಗಾದರೂ ಅನುಮಾನ ಬರಬೇಕು. ಮಾಸ್ತರನಿಗೆ ಬರಲಿಲ್ಲ. ಗಾಡಿ ಇಳಿದು ಧೋತರ ಎತ್ತಿ ಕಟ್ಟಿ ನಡೆದೇ ಹೊರಟ. ಎರೆಮಣ್ಣಿನ ಬಿರುಕಿನಲ್ಲಿ ಒಂದು ಚಪ್ಪಲಿಯ ಉಂಗುಷ್ಟ ಕಿತ್ತಿತು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು, ಒಂದು ಕಾಲು ಬಿಸಿಲಿಗೆ ಸುಟ್ಟುಕೊಳ್ಳುತ್ತ ಕುಂಟಿದ. ದಾರಿಯ ಹೊಲದಲ್ಲಿ ತೊಗರಿ ಬಡಿಯುತ್ತಿದ್ದ ಮುದುಕನೊಬ್ಬ, “ದೂರ ಹೊಂಟೀರಿ?” ಎಂದು ವಿಚಾರಿಸಿದ. ಹಜರಾಬಿಯ ಮನೆಗೆ ಎಂದ ಕೂಡಲೇ ಕೆಲಸ ಬಿಟ್ಟು ಬಂದು ನೀರು ಕುಡಿಸಿದ.

“ಚೊಚ್ಚಲೇನ್ರಿ?”

“ಹೌದ್ರಿ.”

ಮುದುಕ ಮಾಸ್ತರನ ಬಲಗೈ ಹಿಡಿದು ಅಂಗೈ ನೋಡಿದ. ಸೀಮೆಸುಣ್ಣ ಬಿಟ್ಟು ಮತ್ತೇನನ್ನೂ ಹಿಡಿಯದ ಕೈ. “ಭಾಳ ಮೆತ್ತಗದ” ಎಂದು ನಿಟ್ಟುಸಿರು ಬಿಟ್ಟು, ತನ್ನ ಹೆಗಲಿನ ಅರಿವೆಯ ಅಂಚು ಹರಿದು ಕೊಟ್ಟ. “ಇಟಗೋರಿ. ಬೇಕಾಗ್ತದ.”

ಹೆರಿಗೆಗೆ ಅರಿವೆ ಬೇಕಾಗುವುದು ಸಹಜ ಎಂದು ಮಾಸ್ತರ ಅದನ್ನು ಕಿಸೆಗೆ ಹಾಕಿಕೊಂಡ.

ಮಾದನಹಿಪ್ಪರಗಾ ಮುಟ್ಟಿದಾಗ ಹೊತ್ತು ನೆತ್ತಿಯ ಮೇಲಿತ್ತು. ಹಜರಾಬಿಯ ಮನೆ ತೋರಿಸಲು ಯಾರೂ ತಡ ಮಾಡಲಿಲ್ಲ. ಅಂಗಳದ ತುಂಬ, ಬೇಳೆ ಸಲೀಸಾಗಿ ಒಡೆಯಲೆಂದು ಕೆಮ್ಮಣ್ಣು ಕಲಸಿ ಒಣಗಿಸಿದ ತೊಗರಿ ಹರಡಿತ್ತು. ಬೇವಿನ ನೆರಳಿನಲ್ಲಿ ಎರಡು ಬೀಸುಕಲ್ಲು. ಒಂದರ ಮುಂದೆ ದಪ್ಪ ಮೀಸೆಯ ಗಂಡಸೊಬ್ಬ ಕಾಲು ಚಾಚಿ ಕೂತು ಗರಗರ ಬೀಸುತ್ತ ಬೇಳೆ ಒಡೆಯುತ್ತಿದ್ದ. ಗಂಡಸು ಬೀಸುಕಲ್ಲಿನ ಗೂಟ ಹಿಡಿದದ್ದನ್ನು ಮಾಸ್ತರ ಜನ್ಮದಲ್ಲಿ ನೋಡಿರಲಿಲ್ಲ. ಮಾಸ್ತರನನ್ನು ನೋಡಿದ ಕೂಡಲೇ ಆ ಮೀಸೆಯವನು ಟವಲಿನಿಂದ ಮುಖ ಮುಚ್ಚಿಕೊಂಡ.

ಕಟ್ಟೆಯ ಮೇಲೆ ಎಲೆ ಅಡಿಕೆ ಮೆಲ್ಲುತ್ತ ಎತ್ತರದ ಆಳು ಹಜರಾಬಿ ಕೂತಿದ್ದಳು.

“ಬಾ ಬೇಟಾ. ಯಾವ ಊರು?”

“ನಿಂಬರ್ಗಾರಿ. ಸುಭದ್ರಾಬಾಯಿ ಮಗ. ಮನ್ಯಾಗ ನೋವು ಸುರುವಾಗ್ಯಾವ, ಲಗೂ ಬರ್ರಿ, ಗಾಡಿ ಹಳ್ಳದಾಗ ನಿಂತದ, ಕೈಮುಗಿತೇನಿ...”

“ಬರೂಣಂತ. ಅಕಾ ಅಲ್ಲಿ, ಅಷ್ಟು ತೊಗರಿ ಒಡೆಯೂದು ಉಳದದ. ಅದು ಮುಗದ ಮ್ಯಾಲ ನೋಡೂಣು. ನೀನೂ ಕೈ ಹಚ್ಚಿದ್ರ ಲಗೂ ಆಗ್ತದ.”

ಮಾಸ್ತರ ಹಿಂದುಮುಂದು ನೋಡಲಿಲ್ಲ. ಎರಡನೆಯ ಕಲ್ಲಿನ ಮುಂದೆ ಕೂತ. ಹೆಂಗಸರು ಬೀಸುವಾಗ ಹಾಡುತ್ತಾರೆ, ಅದರಿಂದ ಕಲ್ಲು ಹಗುರಾಗುತ್ತದೆ ಎಂದು ಕೇಳಿದ್ದ. ಅವನಿಗೆ ಹಾಡು ಬರುತ್ತಿರಲಿಲ್ಲ. ಬಂದದ್ದು ಶಾಲೆಯಲ್ಲಿ ಕಲಿಸುವ ಉರ್ದು ಮಗ್ಗಿ. “ದೋ ಏಕಂ ದೋ, ದೋ ದೂನೀ ಚಾರ್” ಎಂದು ಶುರು ಮಾಡಿದವನು ಹನ್ನೆರಡರ ಮಗ್ಗಿ ಮುಟ್ಟುವಷ್ಟರಲ್ಲಿ ಅಂಗೈಯಲ್ಲಿ ಎರಡು ಬೊಬ್ಬೆ ಎದ್ದಿದ್ದವು. ಮುದುಕ ಕೊಟ್ಟ ಅರಿವೆ ಆಗ ನೆನಪಾಗಿ ಸುತ್ತಿಕೊಂಡ.

ಮೀಸೆಯವನು ಟವಲು ಸರಿಸಿ ಪಿಸುಗುಟ್ಟಿದ. “ನಾನು ಕಿಣ್ಣಿ ಸುಲ್ತಾನದ ಹುಲೆಪ್ಪರಿ. ಮುಂಜಾನಿಂದ ಒಡ್ಯಾಕತ್ತೇನಿ. ಆಕಿ ಎದ್ದು ಒಂದು ಚೀಲ ಸುದ್ದಾ ಕಟ್ಟವಲ್ಲಳು.”

ಮಾಸ್ತರ ಕಲ್ಲಿನ ಗೂಟ ಬಿಟ್ಟ. ಎದ್ದು ಹಜರಾಬಿಯ ಮುಂದೆ ನಿಂತ. “ನೀವು ಖರೇ ಬರ್ತೀರೋ ಇಲ್ಲೋ? ನಿಮ್ಮ ಸಾಮಾನು ಎಲ್ಲದ? ಹೊಕ್ಕಳ ಕೊಯ್ಯೂದು ಎಲ್ಲದ?”

ಹಜರಾಬಿ ಎಲೆಯ ರಸ ಉಗುಳಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಇಲ್ಲೀತನಕ ನಾ ಒಂದು ಕೂಸಿನ ಹೊಕ್ಕಳಾನೂ ಕೊಯ್ದಿಲ್ಲ, ಬೇಟಾ.”

“ಅಂದ್ರ?”

“ಹಡಿಯೋರನ್ನ ಸಾಬವ್ವನಂಥ ಊರೂರಿನ ಸೂಲಗಿತ್ತ್ಯಾರು ನೋಡ್ತಾರ. ಅವರ ಗಂಡಂದಿರನ್ನ ನಾ ನೋಡ್ತೇನಿ. ಮೂವತ್ತು ವರ್ಷಾತು. ನನ್ನ ಕೈಯಾಗ ಇಲ್ಲೀತನಕ ಒಬ್ಬ ಗಂಡಸೂ ಸತ್ತಿಲ್ಲ.”

ಹುಲೆಪ್ಪನ ಕಲ್ಲು ಗಕ್ಕನೆ ನಿಂತಿತು.

“ನಿಮ್ಮಪ್ಪನಿಂದಲೇ ಇದು ಸುರುವಾದದ್ದು” ಎಂದಳು ಹಜರಾಬಿ ಸಮಾಧಾನದಿಂದ. “ನೀ ಹುಟ್ಟೂ ದಿನ ಅವರು ಮಾಳಗಿ ಏರಿ ಬೆಳಕಿಂಡಿಯಾಗಿಂದ ಇಣುಕಿ ನೋಡಾಕ ಹೋದ್ರು. ತಲಿಮ್ಯಾಲಿನ ಪಟಕಾ ಸೀದಾ ಸಾಬವ್ವನ ಕೈಮ್ಯಾಲೆ ಬಿತ್ತು. ಆಕಿ ಅವರನ್ನ ಇಲ್ಲಿಗೆ ಅಟ್ಟಿದಳು. ಅಲ್ಲಿಂದ ಇದೇ ರಿವಾಜ ಆತು.”

ಇಷ್ಟು ದಿನ ಯಾರೂ ಈ ಗುಟ್ಟು ಬಿಟ್ಟುಕೊಡದಿದ್ದುದು ಹೇಗೆ ಎಂಬುದು ಮಾಸ್ತರನಿಗೆ ಈಗ ಹೊಳೆಯಿತು. ತಾನು ಹೆಂಗಸರ ಹಾಗೆ ಕೂತು ಬೀಸಿ ಬಂದೆ ಎಂದು ಯಾವ ಗಂಡಸು ಹೇಳಿಕೊಂಡಾನು? ಲಾಲಸಾಬ ಐದು ಸಲ ಬಂದು ಹೋಗಿದ್ದಾನೆ. ಸಿಟ್ಟಿನಿಂದ ಮಾಸ್ತರನ ಕಣ್ಣಲ್ಲಿ ನೀರೇ ಬಂತು.

“ನಿಮಗ ನಗಿ! ಆಕಿ ತಾಯಿ ಹಡಿಯೂ ಮುಂದ ಸತ್ತಾಳ. ನಾ ಅಲ್ಲಿರಬೇಕಾಗಿತ್ತು.”

ಹಜರಾಬಿಯ ಮುಖದ ನಗೆ ಹೋಯಿತು. ಅವಳು ಕಟ್ಟೆಯಿಂದ ಇಳಿದು ಬಂದು ಅವನ ಬೆನ್ನ ಮೇಲೆ ಕೈಯಿಟ್ಟಳು.

“ಗೊತ್ತದ. ಸಾಬವ್ವ ಹೋದ ವಾರ ಬಂದಾಗ ಹೇಳ್ಯಾಳ. ಅದಕ್ಕೇ ಆಕಿ ಎಂಟು ದಿನದಿಂದ ಬ್ಯಾರೆ ಎಲ್ಲೂ ಹೋಗದ ನಿಮ್ಮ ಓಣ್ಯಾಗೇ ಕುಂತಾಳ. ನೀ ಓಡಿ ಹೋದ್ರೂ ಆಗೂದು ಆಗ್ತದ, ಕೈ ನಡುಗಸ್ಕೋತ ಬಾಗಲಾಗ ನಿಂತ್ರೂ ಆಗೂದು ಆಗ್ತದ. ಕಲ್ಲು ಹಿಡಿ. ಕೈ ನಡುಗೂದು ನಿಲ್ತದ.”

ಮಾಸ್ತರ ಬಾಗಿಲತನಕ ಹೋದ. ನಿಂತ. ತಿರುಗಿ ಬಂದು ಕಲ್ಲಿನ ಮುಂದೆ ಕೂತ. ಆಮೇಲೆ ಅವನು ಮಗ್ಗಿ ಹೇಳಲಿಲ್ಲ. ಶಿವಕಾಂತಾ ಬದುಕಲಿ, ಶಿವಕಾಂತಾ ಬದುಕಲಿ ಎಂದು ಒಂದೊಂದು ಸುತ್ತಿಗೂ ಒಂದೊಂದು ಸಲ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಬೀಸಿದ. ಕೈ ನಡುಗುವುದು ನಿಜವಾಗಿಯೂ ನಿಂತಿತು.

ಹೊತ್ತು ಇಳಿಯುವ ಮುಂಚೆ ಚಂದಪ್ಪನ ಗಾಡಿ ಬಂತು. ಎತ್ತು ತನ್ನ ಮನಸ್ಸಿಗೆ ಬಂದಾಗ ಎದ್ದು, ತಿರುಗಿ ನಿಂಬರ್ಗಾಕ್ಕೆ ಹೋಗಿ, ಸುದ್ದಿ ತೆಗೆದುಕೊಂಡು ಬಂದಿತ್ತು. “ಮಾಸ್ತರ, ಹೆಣ್ಣು ಕೂಸರಿ! ತಾಯಿ ಮಗಳು ಇಬ್ರೂ ಛಲೋ ಅದಾರ!” ಎಂದು ಚಂದಪ್ಪ ಅಲ್ಲಿಂದಲೇ ಕೂಗಿದ. ಮಾಸ್ತರ ಬೇಳೆಯ ರಾಶಿಯ ಮೇಲೆಯೇ ಮುಖವಿಟ್ಟು ಗಳಗಳ ಅತ್ತುಬಿಟ್ಟ. ಹುಲೆಪ್ಪನೂ ಜೊತೆಗೆ ಅತ್ತ. ಅವನ ಮನೆಯ ಸುದ್ದಿ ಇನ್ನೂ ಬರಬೇಕಿತ್ತು.

ಹಜರಾಬಿ ಮಾಸ್ತರ ಒಡೆದ ಬೇಳೆಯಲ್ಲೇ ಒಂದಿಷ್ಟು ಕೇರಿ ಗಂಟು ಕಟ್ಟಿ ಕೈಗಿಟ್ಟಳು. “ನಿಮ್ಮವ್ವಗ ಕೊಡು. ಹಜರಾಬಿ ಸಲಾಂ ಹೇಳ್ಯಾಳ ಅನ್ನು.”

ದೀಪ ಹಚ್ಚುವ ಹೊತ್ತಿಗೆ ಮಾಸ್ತರ ಮನೆ ಮುಟ್ಟಿದ. ಕಟ್ಟೆಯ ಮೇಲಿನ ಅಪ್ಪ ಮಗನ ಅಂಗೈಯ ಅರಿವೆಯನ್ನು ನೋಡಿ ತನ್ನ ಅಂಗೈ ತಿಕ್ಕಿಕೊಂಡ. ಒಳಗೆ ಶಿವಕಾಂತಾ ದಣಿದು ಬಿಳುಪೇರಿದ್ದಳು. ಆದರೂ ಅವನ ಒಂಟಿ ಚಪ್ಪಲಿ ನೋಡಿ ನಕ್ಕಳು. ಪಕ್ಕದಲ್ಲಿ ಮುಷ್ಟಿ ಬಿಗಿದ ಕೆಂಪನೆಯ ಕೂಸು. ಮಾಸ್ತರ ಹೊಸ್ತಿಲಲ್ಲಿ ನಿಂತು ನೋಡಿದ, ನೋಡಿದ, ಇನ್ನೂ ನೋಡಿದ. ಇಡೀ ದಿನದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

“ಯಾವಾಗ ಹುಟ್ಟಿತವ್ವಾ?”

“ನೀ ಹಳ್ಳ ಸುದ್ದಾ ದಾಟಿರಲಿಕ್ಕಿಲ್ಲ” ಎಂದಳು ಸುಭದ್ರಾಬಾಯಿ.

“ಮುಂಜಾನೇನ? ಮತ್ತ ಅವಾಗೇ ಯಾಕ ಹೇಳಿ ಕಳಿಸಲಿಲ್ಲ?”

ತಾಯಿ ಅವನ ಕೈಯಿಂದ ಬೇಳೆಯ ಗಂಟು ತೆಗೆದುಕೊಂಡಳು. ಗಂಟು ಬಿಚ್ಚಿ, ಒಂದು ಹಿಡಿ ಬೇಳೆಯನ್ನು ದೀಪಕ್ಕೆ ಹಿಡಿದು, ಬೆರಳಿನಿಂದ ಆಡಿಸಿ ನೋಡಿದಳು. ಅವಳ ಮುಖ ಸಪ್ಪಗಾಯಿತು.

“ಬರೀ ನುಚ್ಚು ಮಾಡಿಟ್ಟೀಯಲ್ಲೋ. ನಿಮ್ಮಪ್ಪ ಒಡೆದ ಬ್ಯಾಳಿ ಹ್ಯಾಂಗಿತ್ತು! ಇರಲಿ ಬಿಡು, ಎರಡನೇ ಹೆರಿಗ್ಯಾಗ ಕೈ ಕೂಡ್ತದ.”