ಹದಿಮೂರರ ಮಗ್ಗಿ

ಬ್ರೇಕ್ ಹಿಡಿಯದ ಲಾರಿಯನ್ನು ತೊಪ್ಪೂರು ಘಾಟಿನಲ್ಲಿ ಇಳಿಸಿದವನು ನಾನು. ಇವತ್ತು ಶಂಕಗಿರಿಯಲ್ಲಿ ನನ್ನವೇ ಮೂರು ಲಾರಿಗಳಿವೆ. ಆದರೂ ಭೂಮಿಯ ಮೇಲೆ ನಾನು ಹೆದರುವ ಪ್ರಾಣಿ ಒಂದಿದೆ: ನನ್ನ ಸೋದರಮಾವ!

ಕಡಯಂಪಟ್ಟಿ ಕಡೆಯ ನಮ್ಮ ಹಟ್ಟಿಗೆ ಮೊದಲ ಶಾಲೆ ತಂದವನೇ ಮಾವ. ಕುರಿಗಳು ಮೇಯಲು ಹೋದ ಮೇಲೆ ಖಾಲಿಯಾಗುವ ರೊಪ್ಪವೇ ಶಾಲೆ. ಹಿಕ್ಕೆ ಗುಡಿಸಿ ಮರಳು ಹರಡಿದರೆ ಅದೇ ಸ್ಲೇಟು. ಹಾಜರಿಯೂ ಕುರಿಯದ್ದೇ! ಮರಿಗಳಿಗೆ ಗುರುತು ಹಾಕುವ ಕೆಮ್ಮಣ್ಣಿನ ಬೊಟ್ಟನ್ನು ಬೆಳಿಗ್ಗೆ ನಮ್ಮ ಕಿವಿಯ ಹಿಂದೆ ಇಡುತ್ತಿದ್ದ. ಬೊಟ್ಟು ಇಟ್ಟವನೇ ಸಂಜೆ ಅದನ್ನು ಒರೆಸಬೇಕು. ಅಲ್ಲಿಯವರೆಗೆ ಬೊಟ್ಟಿನ ಹುಡುಗ ಹೊರಗೆ ಕಂಡರೆ ಯಾರು ಬೇಕಾದರೂ ಹಿಡಿದು ರೊಪ್ಪಕ್ಕೆ ಅಟ್ಟಬಹುದು. ನನ್ನನ್ನು ಸ್ವಂತ ಅಜ್ಜಿಯೇ ಎರಡು ಸಲ ಅಟ್ಟಿದ್ದಳು!

ಕುರಿಗೂ ನಮಗೂ ಒಂದೇ ಶಿಳ್ಳೆ. ಒಮ್ಮೆ ನಮ್ಮನ್ನು ಕರೆಯಲು ಊದಿದರೆ ಇಡೀ ಮಂದೆಯೇ ಬಂದು ನಮ್ಮ ಅಕ್ಷರಗಳನ್ನೆಲ್ಲ ತುಳಿದು ನಿಂತಿತು. "ನೋಡ್ರಲಾ, ಅವುಕ್ಕಿರೋ ಮರ್ವಾದೆ ನಿಮಗೈತಾ?" ಎಂದ ಮಾವ.

ಮೂರನೇ ವರ್ಷ ಒಂದು ಸಂಜೆ ಗುಡುಗಿದ: "ನಾಳೀಕೆ ಅದಿಮೂರರ ಮಗ್ಗಿ ಒಪ್ಪಿಸ್ಬೇಕು. ತಪ್ಪಿದ್ರೆ ಚರ್ಮ ಸುಲಿದ್ಬುಡ್ತೀನಿ!" ಆತ ಕುರಿ ಸುಲಿಯುವುದನ್ನು ಕಣ್ಣಾರೆ ಕಂಡವನು ನಾನು, ಬರೀ ಬೆದರಿಕೆ ಎಂದುಕೊಳ್ಳಲು ಧೈರ್ಯವೆಲ್ಲಿ? ಬೆಳಗಾಗುವಷ್ಟರಲ್ಲಿ ಹುಣಿಸೆಹಣ್ಣಿನ ಲಾರಿ ಹತ್ತಿದ್ದೆ. ಓದು ಅಲ್ಲಿಗೆ ಮುಗಿಯಿತು. ಭಯ ಮುಗಿಯಲಿಲ್ಲ. ವರ್ಷಗಳ ಮೇಲೆ ಮೊರಪ್ಪೂರು ಸ್ಟೇಷನ್ನಿನಲ್ಲಿ, ಹೊರಟ ರೈಲಿನ ಕಿಟಕಿಯಿಂದ ಮಾವ ಕೂಗಿದ್ದ: "ಲೇ, ಅದಿಮೂರೇಳ್ಲಿ ಎಷ್ಟ್ಲಾ?" ನಾನು ಕಂಬದ ಹಿಂದೆ ಅವಿತೆ. ಆಗ ನಾನು ಇಬ್ಬರು ಮಕ್ಕಳ ತಂದೆ!

ಕಳೆದ ತಿಂಗಳು ಅತ್ತೆಯ ಫೋನು ಬಂತು. "ನಿಮ್ಮಾವನ್ನ ಆಸ್ಪತ್ರೆಯಿಂದ ಮನೇಗೆ ಕರ್ಕೊಂಡು ಬಂದ್ಬುಟ್ವಿ ಕಣಪ್ಪ. ನಿನ್ನನ್ನೇ ಕೇಳ್ತಾವ್ರೆ. ಉಡನೇ ಬಾ, ತಡ ಮಾಡ್ಬೇಡ."

ದಾರಿಯುದ್ದಕ್ಕೂ ಮಗ್ಗಿ ಹೇಳಿಕೊಂಡೆ. ಓಮಲೂರು ದಾಟುವಾಗ ಏಳರಲ್ಲಿ ಸಿಕ್ಕಿಬಿದ್ದು ಮತ್ತೆ ಒಂದರಿಂದ!

ಮಂಚದ ಮೇಲೆ ಮಾವ ಒಂದು ಹಿಡಿಯಷ್ಟಾಗಿದ್ದ. "ಬಾಗ್ಲು ಆಕ್ಲಾ" ಎಂದ. ನಾನು ಕೈಕಟ್ಟಿ ನಿಂತು, ಒಂದರಿಂದ ಹತ್ತರವರೆಗೆ ಒಂದೇ ಉಸಿರಿಗೆ ಒಪ್ಪಿಸಿ, ಕಣ್ಣು ಮುಚ್ಚಿ ಏಟಿಗೆ ಕಾದೆ. ಏಟು ಬೀಳಲಿಲ್ಲ.

"ಸರಿ ಐತಾ ಮಾವ?"

"ನಂಗೇನ್ಲಾ ಗೊತ್ತು?" ಎಂದ. "ನಂಗೆ ಕಲಿಸ್ದೋನು ಅನ್ನೆರಡರ ಮಗ್ಗಿಗೇ ಊರು ಬಿಟ್ಟ. ನನ್ನ ಬಿಟ್ರೆ ನಿಮಗೆ ಅಕ್ಸರ ಕಲ್ಸೋ ವಾದ್ಯಾರು ಯಾರ್ಲಾ? ನೀನು ಅದಿಮೂರು ಯೋಳ್ಬಿಟ್ಟು ಅದಿನಾಕು ಕೇಳಿದ್ರೆ ಏನ್ಮಾಡ್ಲಿ ಅಂತ ನಂಗೇ ನಡುಕ. ಅದ್ಕೇ ಎದರಿಸ್ದೆ. ನೀನು ಓಡೇ ಓಗ್ಬುಟ್ಟೆ..." ನನ್ನನ್ನು ಮಂಚದ ಅಂಚಿಗೆ ಕರೆದು, "ಯೋಳ್ಕೊಡ್ಲಾ" ಎಂದ.

ಹೇಳಿಕೊಟ್ಟೆ. ಮರಿಯ ದನಿಯಲ್ಲಿ ಹಿಂದೆಯೇ ಹೇಳಿದ. ಏಳಕ್ಕೆ ಬರುವಷ್ಟರಲ್ಲಿ ಉಸಿರು ಸಾಲದೆ ಗೋಡೆಯ ಕಡೆ ತಿರುಗಿದ. "ಸಾಕು. ನಾನಿನ್ನು ಒಂಟೋಯ್ತೀನಿ."

ಅಂಗಳಕ್ಕೆ ಓಡಿ, ರೊಪ್ಪದ ಬಾಗಿಲಲ್ಲಿದ್ದ ಕೆಮ್ಮಣ್ಣಿನ ಚಿಪ್ಪಿಗೆ ಬೆರಳದ್ದಿ ತಂದು, ಅವನ ಕಿವಿಯ ಹಿಂದೆ ಬೊಟ್ಟಿಟ್ಟೆ.

"ನಾನು ಒರೆಸೋವರ್ಗೂ ಎಲ್ಲೂ ಓಗಂಗಿಲ್ಲ ಮಾವ."